ಜಿಪ್ರೆಡಿಕ್ಟ್‌ನಲ್ಲಿ ಉಪಗ್ರಹಗಳ ಕಕ್ಷೆ ಡೇಟಾ ಸರಿಯಾಗಿ ಇಟ್ಟುಕೊಳ್ಳುವುದು ಹೇಗೆ

ಉಪಗ್ರಹ ಟ್ರ್ಯಾಕ್ ಮಾಡುವ ಸಾಫ್ಟ್‌ವೇರ್ ಆಕಾಶವನ್ನು ನೋಡುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲಿರುವ ಒಂದು ಪುಟ್ಟ ಫೈಲ್ ನೋಡುತ್ತದೆ. ಅದರಲ್ಲಿರುವ ಅಂಕಿಗಳಿಂದ ಉಪಗ್ರಹ ಈಗ ಎಲ್ಲಿರಬೇಕು ಅಂತ ಲೆಕ್ಕ ಹಾಕಿ ನಕ್ಷೆಯ ಮೇಲೆ ಚುಕ್ಕೆ ಇಡುತ್ತದೆ. ಆ ಅಂಕಿಗಳು ಎರಡು ತಿಂಗಳು ಹಳೆಯವಾಗಿದ್ದರೂ ಚುಕ್ಕೆ ಅಷ್ಟೇ ಚೆನ್ನಾಗಿ ಓಡುತ್ತದೆ, ಪಾಸ್‌ಗಳ (ಉಪಗ್ರಹ ನಮ್ಮ ಆಕಾಶದಲ್ಲಿ ಹಾದುಹೋಗುವ ಹೊತ್ತುಗಳ) ಪಟ್ಟಿ ಸೆಕೆಂಡ್ ಸಮೇತ ಬರುತ್ತದೆ. ಆಂಟೆನಾ ಹಿಡಿದು ತಾರಸಿ ಮೇಲೆ ನಿಂತಾಗಲೇ ತಪ್ಪು ಗೊತ್ತಾಗುವುದು: ಹೇಳಿದ ಹೊತ್ತಿಗೆ, ಹೇಳಿದ ದಿಕ್ಕಿನಲ್ಲಿ ಏನೂ ಇರುವುದಿಲ್ಲ.

ಹಾಗಾಗಿ ಯಾವ ಸಾಫ್ಟ್‌ವೇರ್ ಒಳ್ಳೆಯದು ಅನ್ನುವ ಚರ್ಚೆಗಿಂತ ಡೇಟಾವನ್ನು ಎಲ್ಲಿಂದ ತರಬೇಕು, ಎಷ್ಟು ದಿನಕ್ಕೊಮ್ಮೆ ತರಬೇಕು, ಹೇಗೆ ಎತ್ತಿಡಬೇಕು ಅನ್ನುವುದು ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಜಿಪ್ರೆಡಿಕ್ಟ್ ಅನ್ನುವ ಟ್ರ್ಯಾಕಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡು ಹೇಳುತ್ತೇನೆ. ಉಚಿತ, ಓಪನ್ ಸೋರ್ಸ್, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ನೀವು ಫೋನಿನಲ್ಲಿ ಲುಕ್‌4ಸ್ಯಾಟ್ ಬಳಸುತ್ತಿದ್ದರೂ, ಹವಾಮಾನ ಚಿತ್ರ ಇಳಿಸಲು ಸ್ಯಾಟ್‌ಡಂಪ್ ಬಳಸುತ್ತಿದ್ದರೂ ಕೆಳಗಿನ ಮಾತುಗಳಲ್ಲಿ ಮುಕ್ಕಾಲು ಪಾಲು ಹಾಗೇ ಅನ್ವಯಿಸುತ್ತದೆ.

ಮೊದಲು ಆ ಎರಡು ಸಾಲು ಓದಲು ಕಲಿಯಿರಿ

ಕಕ್ಷೆಯ ಡೇಟಾ ಹೆಚ್ಚಾಗಿ ಸಿಗುವುದು ಟಿಎಲ್‌ಇ (ಟು-ಲೈನ್ ಎಲಿಮೆಂಟ್) ರೂಪದಲ್ಲಿ. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಇದನ್ನು ಕೆಪ್ಸ್ ಅಂತಲೂ ಕರೆಯುತ್ತಾರೆ. ಮೇಲೆ ಉಪಗ್ರಹದ ಹೆಸರು, ಕೆಳಗೆ ಎರಡು ಸಾಲು, ಒಂದೊಂದು ಸಾಲಿಗೂ ಸರಿಯಾಗಿ 69 ಅಕ್ಷರದ ಜಾಗ. ಇದು ಪಂಚ್ ಕಾರ್ಡ್ ಕಾಲದ ಬಳುವಳಿ. ಯಾವ ಅಂಕಿ ಏನು ಅನ್ನುವುದು ಅದು ಕೂತಿರುವ ಕಾಲಮ್‌ನಿಂದ ತೀರ್ಮಾನವಾಗುತ್ತದೆ. ಹೀಗಾಗಿ ಒಂದು ಖಾಲಿ ಜಾಗ ಆಚೀಚೆ ಆದರೂ ಇಡೀ ಸಾಲು ಕೆಟ್ಟಂತೆ.

ಒಂದು ನಿಜವಾದ ಉದಾಹರಣೆ ನೋಡೋಣ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 2008ರ ಒಂದು ಟಿಎಲ್‌ಇ:

1 25544U 98067A   08264.51782528 -.00002182  00000-0 -11606-4 0  2927
2 25544  51.6416 247.4627 0006703 130.5360 325.0288 15.72125391563537

 ಮೊದಲ ಸಾಲಿನ ಶುರುವಿನಲ್ಲಿ 25544 ಇದೆ. ಅದು ಕ್ಯಾಟಲಾಗ್ ಸಂಖ್ಯೆ, ನಿಲ್ದಾಣದ ಗುರುತು. ಸ್ವಲ್ಪ ಮುಂದೆ 08264.51782528 ಅಂತಿದೆ. ಇದೇ ಎಪಾಕ್, ಅಂದರೆ ಈ ಅಂಕಿಗಳು ಯಾವ ಕ್ಷಣಕ್ಕೆ ಸೇರಿದವು ಅನ್ನುವುದು. ಮೊದಲ ಎರಡು ಅಂಕಿ ವರ್ಷ, 2008. ಮುಂದಿನ 264 ಅಂದರೆ ಆ ವರ್ಷದ 264ನೇ ದಿನ, ಅಧಿಕ ವರ್ಷವಾದ್ದರಿಂದ ಸೆಪ್ಟೆಂಬರ್ 20. ಚುಕ್ಕಿಯ ನಂತರದ್ದು ದಿನದ ಭಾಗ. ಅದನ್ನು 24ರಿಂದ ಗುಣಿಸಿದರೆ ಮಧ್ಯಾಹ್ನ 12 ಗಂಟೆ 25 ನಿಮಿಷ 40 ಸೆಕೆಂಡ್ ಆಗುತ್ತದೆ. ಇದು ಯುಟಿಸಿ, ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಸೇರಿಸಿದರೆ ಸಂಜೆ 5 ಗಂಟೆ 55 ನಿಮಿಷ 40 ಸೆಕೆಂಡ್. ವರ್ಷಕ್ಕೆ ಎರಡೇ ಅಂಕಿ ಇರುವುದರಿಂದ 57ರಿಂದ 99ರವರೆಗೆ ಇದ್ದರೆ 1957ರಿಂದ 1999, 00ರಿಂದ 56 ಇದ್ದರೆ 2000ದಿಂದ 2056 ಅಂತ ಓದಬೇಕು. ಸ್ಪುಟ್ನಿಕ್ ಹಾರಿದ್ದು 1957ರಲ್ಲಿ ಅಲ್ವಾ, ಅದಕ್ಕಿಂತ ಹಿಂದಿನದು ಬೇಕಾಗುವುದೇ ಇಲ್ಲ.

ಅದೇ ಸಾಲಿನಲ್ಲಿ ಬಿಸ್ಟಾರ್ ಅನ್ನುವ ಅಂಕಿಯೂ ಇರುತ್ತದೆ. ಅಷ್ಟು ಮೇಲಿನ ತೆಳು ಗಾಳಿ ಉಪಗ್ರಹವನ್ನು ಎಷ್ಟು ಹಿಡಿದೆಳೆಯುತ್ತಿದೆ ಅನ್ನುವುದರ ಅಂದಾಜು ಅದು. ಮೇಲಿನ 2008ರ ಸೆಟ್‌ನಲ್ಲಿ ಈ ಅಂಕಿ ಮೈನಸ್‌ನಲ್ಲಿದೆ. ಗಾಳಿ ಹಿಂದಕ್ಕೆಳೆಯುವ ಬದಲು ಮುಂದೆ ತಳ್ಳುವುದಿಲ್ಲವಲ್ಲ. ಬಿಸ್ಟಾರ್ ನೇರವಾಗಿ ಅಳೆದ ಅಂಕಿ ಅಲ್ಲ, ಲೆಕ್ಕ ಹೊಂದಿಸುವಾಗ ಹೊರಬಂದದ್ದು. ಮೈನಸ್ ಕಂಡರೆ ಆ ಹೊತ್ತಿನಲ್ಲಿ ಕಕ್ಷೆಗೆ ಬೇರೇನೋ ಆಗಿರಬಹುದು ಅಂತ ಅನುಮಾನಿಸಿ, ಹೊಸ ಸೆಟ್ ಬರುವವರೆಗೆ ಪಾಸ್ ಸಮಯವನ್ನು ಪೂರ್ತಿ ನಂಬಬೇಡಿ.

ಎರಡನೇ ಸಾಲಿನಲ್ಲಿ ಕಕ್ಷೆಯ ಆಕಾರ ಇದೆ. 51.6416 ಅನ್ನುವುದು ಸಮಭಾಜಕಕ್ಕೆ ಕಕ್ಷೆಯ ವಾಲಿಕೆ, ಡಿಗ್ರಿಗಳಲ್ಲಿ. 0006703 ಅಂತ ಬರೆದಿರುವುದನ್ನು 0.0006703 ಅಂತ ಓದಬೇಕು, ದಶಾಂಶ ಚುಕ್ಕಿ ಹಾಕುವುದಿಲ್ಲ. ಅದು ಕಕ್ಷೆ ಎಷ್ಟು ಉದ್ದುದ್ದವಾಗಿದೆ ಅನ್ನುವುದರ ಅಳತೆ, ಇಲ್ಲಿ ಹೆಚ್ಚುಕಡಿಮೆ ವೃತ್ತವೇ. ಕೊನೆಯ ಕಡೆ 15.72125391 ಇದೆ, ದಿನಕ್ಕೆ ಇಷ್ಟು ಸುತ್ತು. 1440 ನಿಮಿಷವನ್ನು ಅದರಿಂದ ಭಾಗಿಸಿದರೆ ಒಂದು ಸುತ್ತಿಗೆ ಸುಮಾರು 91.6 ನಿಮಿಷ.

ಪ್ರತಿ ಸಾಲಿನ ಕೊನೆಯ ಅಂಕಿ ಚೆಕ್‌ಸಮ್. ಅದೊಂದನ್ನು ಬಿಟ್ಟು ಸಾಲಿನ ಎಲ್ಲ ಅಂಕಿ ಕೂಡಿಸಿ, ಒಂದೊಂದು ಮೈನಸ್ ಗುರುತಿಗೂ 1 ಸೇರಿಸಿ, ಅಕ್ಷರ, ಚುಕ್ಕಿ, ಖಾಲಿ ಜಾಗ ಬಿಟ್ಟುಬಿಡಿ. ಬಂದ ಮೊತ್ತದ ಬಿಡಿ ಸ್ಥಾನದ ಅಂಕಿ ಸಾಲಿನ ಕೊನೆಯ ಅಂಕಿಗೆ ಹೊಂದಬೇಕು. ಈ ಉದಾಹರಣೆಯ ಮೊದಲ ಸಾಲಿಗೆ ಮೊತ್ತ 157, ಕೊನೆಯ ಅಂಕಿ 7. ಸರಿಯಾಗಿದೆ. ದಿನಾ ಕೈಯಲ್ಲಿ ಮಾಡುವ ಕೆಲಸ ಅಲ್ಲ ಇದು, ಆದರೆ ಒಂದು ಸಲ ಮಾಡಿ ನೋಡಿ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಹೊಸ ಉಪಗ್ರಹ ಹಾರಿದಾಗ ಟಿಎಲ್‌ಇ ವಾಟ್ಸಾಪ್ ಗುಂಪಿನಲ್ಲಿ, ಟೆಲಿಗ್ರಾಮ್‌ನಲ್ಲಿ ಓಡಾಡುತ್ತದೆ. ಅಲ್ಲಿಂದ ಕಾಪಿ ಮಾಡಿದರೆ ಎರಡು ಮೂರು ಖಾಲಿ ಜಾಗ ಸೇರಿ ಒಂದಾಗಿರಬಹುದು, ಮೈನಸ್ ಗುರುತು ಉದ್ದ ಗೆರೆಯಾಗಿರಬಹುದು, ಸಾಲು ಮುರಿದಿರಬಹುದು. ಟಿಎಲ್‌ಇ ಕಳಿಸುವುದಿದ್ದರೆ ಸಾದಾ ಟೆಕ್ಸ್ಟ್ ಫೈಲ್ ಮಾಡಿ ಅಟ್ಯಾಚ್ ಮಾಡಿ. ಪಡೆಯುವಾಗಲೂ ಫೈಲ್ ಆಗಿಯೇ ಕೇಳಿ.

ಡೇಟಾ ಎಲ್ಲಿಂದ

ಈ ಅಂಕಿಗಳ ಮೂಲ ಅಮೆರಿಕದ ಸ್ಪೇಸ್ ಫೋರ್ಸ್. ಅವರ ರೇಡಾರ್, ದೂರದರ್ಶಕಗಳು ನೋಡಿದ್ದನ್ನು ಲೆಕ್ಕ ಹಾಕಿ ಸ್ಪೇಸ್-ಟ್ರ್ಯಾಕ್ ತಾಣದಲ್ಲಿ ಹಾಕುತ್ತಾರೆ. ಅಲ್ಲಿ ಉಚಿತ ಖಾತೆ ತೆರೆಯಬೇಕು. ಸೆಲೆಸ್‌ಟ್ರ್ಯಾಕ್ ಅದೇ ಡೇಟಾವನ್ನು ಖಾತೆ ಇಲ್ಲದೆ, ಗುಂಪು ಮಾಡಿ ಕೊಡುತ್ತದೆ. ಟಿ. ಎಸ್. ಕೆಲ್ಸೊ 1985ರಲ್ಲಿ ಶುರು ಮಾಡಿದ ಸೇವೆ ಅದು, ಇವತ್ತಿಗೂ ಹವ್ಯಾಸಿಗಳ ಮೊದಲ ಆಸರೆ. ನಮ್ಮ ಇಸ್ರೋ ತನ್ನ ಉಪಗ್ರಹಗಳ ಕಕ್ಷೆಯನ್ನು ತಾನೇ ಅಳೆಯುತ್ತದೆ. ಬೆಂಗಳೂರಿನ ಪೀಣ್ಯದಲ್ಲಿರುವ ಅದರ ಟ್ರ್ಯಾಕಿಂಗ್ ಕೇಂದ್ರ ಇಸ್ಟ್ರಾಕ್‌ನ ಮುಖ್ಯ ಕೆಲಸಗಳಲ್ಲಿ ಅದೂ ಒಂದು, ಭೂಸ್ಥಿರ ಉಪಗ್ರಹಗಳನ್ನು ಹಾಸನದ ನಿಯಂತ್ರಣ ಕೇಂದ್ರ ಎಂಸಿಎಫ್ ನೋಡಿಕೊಳ್ಳುತ್ತದೆ. ನಮ್ಮಂಥ ತಾರಸಿ ಹವ್ಯಾಸಿಗಳ ದಿನದ ಕೆಲಸ ಮಾತ್ರ ಸೆಲೆಸ್‌ಟ್ರ್ಯಾಕ್ ಡೇಟಾದಲ್ಲೇ ನಡೆಯುವುದು.

ಜಿಪ್ರೆಡಿಕ್ಟ್ ಹಾಕಿದ ಕೂಡಲೇ ಹಲವರು ಸಿಕ್ಕಿಬೀಳುವ ಜಾಗ ಇದೇ. ಹಳೆಯ ಆವೃತ್ತಿಗಳಲ್ಲಿ ಸೆಲೆಸ್‌ಟ್ರ್ಯಾಕ್‌ನ ಹಳೆಯ ಡಾಟ್ ಕಾಮ್ ವಿಳಾಸ ಬರೆದಿರುತ್ತದೆ. ತಾಣ ಈಗ ಡಾಟ್ ಆರ್ಗ್‌ಗೆ ಹೋಗಿದೆ. ಅಪ್‌ಡೇಟ್ ಒತ್ತಿದರೂ ಏನೂ ಬರುತ್ತಿಲ್ಲ ಅಂದರೆ ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆದು ಟಿಎಲ್‌ಇ ಅಪ್‌ಡೇಟ್ ಭಾಗಕ್ಕೆ ಹೋಗಿ. ಅಲ್ಲಿರುವ ಹಳೆಯ ವಿಳಾಸಗಳನ್ನು ಅಳಿಸಿ. ಬ್ರೌಸರಿನಲ್ಲಿ ಸೆಲೆಸ್‌ಟ್ರ್ಯಾಕ್ ತೆರೆದು, ಬೇಕಾದ ಗುಂಪಿನ ಟಿಎಲ್‌ಇ ಕೊಂಡಿಯನ್ನೇ ಕಾಪಿ ಮಾಡಿ ತಂದು ಹಾಕಿ. ಶುರುವಿಗೆ ಬಾಹ್ಯಾಕಾಶ ನಿಲ್ದಾಣಗಳು, ಹವ್ಯಾಸಿ ರೇಡಿಯೋ, ಹವಾಮಾನ, ಈ ಮೂರು ಗುಂಪು ಸಾಕು. ಇರುವ ಎಲ್ಲ ಗುಂಪನ್ನೂ ತುಂಬಿಕೊಂಡರೆ ಪಟ್ಟಿಯಲ್ಲಿ ಸಾವಿರಾರು ಸ್ಟಾರ್‌ಲಿಂಕ್ ಬಂದು ಕೂರುತ್ತವೆ, ಬೇಕಾದ್ದು ಹುಡುಕುವುದೇ ಕಷ್ಟ.

ಅದೇ ಜಾಗದಲ್ಲಿ ಡೇಟಾದ ವಯಸ್ಸನ್ನು ದಿನಕ್ಕೋ ವಾರಕ್ಕೋ ತಿಂಗಳಿಗೋ ನೋಡಬೇಕು ಅಂತ ಹೇಳುವ ಆಯ್ಕೆ ಇದೆ. ದಿನಕ್ಕೆ ಒಮ್ಮೆ ಅಂತ ಇಡಿ. ಹಳೆಯದಾದರೆ ನಿಮಗೆ ಹೇಳಬೇಕೋ ತಾನೇ ತರಬೇಕೋ ಅಂತಲೂ ಕೇಳುತ್ತದೆ. ನೆಟ್ ಸರಿಯಾಗಿರುವ ಕಡೆ ತಾನೇ ತರಲಿ. ಹೊಸ ಉಪಗ್ರಹಗಳನ್ನು ಸೇರಿಸು ಅನ್ನುವ ಚೌಕಕ್ಕೂ ಗುರುತು ಹಾಕಿ, ಇಲ್ಲದಿದ್ದರೆ ಇರುವವಕ್ಕೆ ಮಾತ್ರ ಹೊಸ ಅಂಕಿ ಬರುತ್ತದೆ, ಹೊಸದಾಗಿ ಹಾರಿದ್ದು ಪಟ್ಟಿಗೆ ಸೇರುವುದೇ ಇಲ್ಲ. ನೆಟ್ ಇಲ್ಲದ ಊರಿಗೆ ಹೋಗುವುದಿದ್ದರೆ ಹೊರಡುವ ಮುಂಚೆ ಟೆಕ್ಸ್ಟ್ ಫೈಲ್ ಇಳಿಸಿಕೊಂಡು, ಅಲ್ಲಿ ಲೋಕಲ್ ಫೈಲ್‌ನಿಂದ ಅಪ್‌ಡೇಟ್ ಮಾಡುವ ದಾರಿ ಬಳಸಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಪದೇ ಪದೇ ಡೌನ್‌ಲೋಡ್ ಮಾಡಬೇಡಿ. ಸೆಲೆಸ್‌ಟ್ರ್ಯಾಕ್ ತಾನೇ ಹೊಸ ಡೇಟಾ ಇದೆಯಾ ಅಂತ ನೋಡುವುದು 2 ಗಂಟೆಗೊಮ್ಮೆ. ಐದೈದು ನಿಮಿಷಕ್ಕೆ ಕೇಳಿದರೆ ಸಿಗುವುದು ಅದೇ ಫೈಲ್. ಹಾಗೆ ಮಾಡುವವರ ಐಪಿ ವಿಳಾಸವನ್ನು ತಡೆಯುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಒಬ್ಬ ಹುಡುಗ ಬರೆದ ಸ್ಕ್ರಿಪ್ಟ್‌ನಿಂದ ಇಡೀ ಕ್ಯಾಂಪಸ್‌ಗೆ ಡೇಟಾ ನಿಂತುಹೋಗಬಹುದು. ಬಿಟ್ಟಿ ಸಿಗುವ ಸೇವೆ, ಗೌರವದಿಂದ ಬಳಸೋಣ.

ಎಷ್ಟು ಹಳೆಯದು ನಡೆಯುತ್ತದೆ

ಇದಕ್ಕೆ ಒಂದೇ ಉತ್ತರ ಇಲ್ಲ, ಉಪಗ್ರಹ ಎಷ್ಟು ಎತ್ತರದಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಟಿಎಲ್‌ಇ ತನ್ನ ಎಪಾಕ್‌ನ ಹೊತ್ತಿಗೇ ಸುಮಾರು ಒಂದು ಕಿಲೋಮೀಟರ್ ಆಚೀಚೆ ಇರುತ್ತದೆ, ಆಮೇಲೆ ದಿನದಿನಕ್ಕೂ ತಪ್ಪು ಬೆಳೆಯುತ್ತದೆ. ಬಾಹ್ಯಾಕಾಶ ನಿಲ್ದಾಣ ಸುಮಾರು 420 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ 7.66 ಕಿಲೋಮೀಟರ್ ಓಡುತ್ತದೆ. ಅಲ್ಲಿ ಗಾಳಿಯ ಎಳೆತ ಜಾಸ್ತಿ, ಅದು ಸಾಲದು ಅಂತ ಆಗಾಗ ಎಂಜಿನ್ ಉರಿಸಿ ನಿಲ್ದಾಣವನ್ನು ಮೇಲಕ್ಕೆತ್ತುತ್ತಾರೆ. ಎತ್ತಿದ ಮೇಲೆ ಹಿಂದಿನ ದಿನದ ಟಿಎಲ್‌ಇ ಕೆಲಸಕ್ಕೆ ಬರುವುದಿಲ್ಲ. ನಿಲ್ದಾಣದ ಪಾಸ್ ಹಿಡಿಯುವುದಿದ್ದರೆ ಅವತ್ತಿನ ಡೇಟಾ ಅವತ್ತೇ ತನ್ನಿ.

500ರಿಂದ 600 ಕಿಲೋಮೀಟರ್‌ನ ಕ್ಯೂಬ್‌ಸ್ಯಾಟ್‌ಗಳಿಗೆ (ಪುಟ್ಟ ಪೆಟ್ಟಿಗೆಯಂಥ ಉಪಗ್ರಹಗಳು) ನಾನಾದರೆ ಎರಡು ಮೂರು ದಿನಕ್ಕಿಂತ ಹಳೆಯದನ್ನು ಇಟ್ಟುಕೊಳ್ಳುವುದಿಲ್ಲ. ರಷ್ಯಾದ ಮೆಟಿಯೋರ್ ಹವಾಮಾನ ಉಪಗ್ರಹಗಳು 800 ಕಿಲೋಮೀಟರ್‌ಗಿಂತ ಮೇಲಿವೆ, ಅವಕ್ಕೆ ವಾರ ಆದರೂ ಚಿತ್ರ ಇಳಿಸಲು ತೊಂದರೆ ಕಾಣುವುದಿಲ್ಲ. ಭೂಸ್ಥಿರ ಉಪಗ್ರಹವನ್ನು ಜಾಗ ಬದಲಿಸದಿದ್ದರೆ ಹಲವು ವಾರದ ಡೇಟಾನೂ ನಡೆಯುತ್ತದೆ.

ಸೂರ್ಯ ಕೆರಳಿದ ದಿನಗಳಲ್ಲಿ ಈ ಲೆಕ್ಕ ಎಲ್ಲ ಪಕ್ಕಕ್ಕಿಡಿ. ಸೌರ ಬಿರುಗಾಳಿ ಬಂದಾಗ ಮೇಲಿನ ವಾತಾವರಣ ಬಿಸಿಯಾಗಿ ಉಬ್ಬುತ್ತದೆ, ಕೆಳಗಿನ ಕಕ್ಷೆಗಳಲ್ಲಿ ಎಳೆತ ಒಮ್ಮೆಲೇ ಏರುತ್ತದೆ. 2022ರ ಫೆಬ್ರವರಿ 3ರಂದು ಹಾರಿದ 49 ಸ್ಟಾರ್‌ಲಿಂಕ್‌ಗಳಲ್ಲಿ 38 ಹೀಗೇ ಕೆಳಗೆ ಬಿದ್ದು ಉರಿದುಹೋದವು. 2024ರ ಮೇ ತಿಂಗಳ ದೊಡ್ಡ ಬಿರುಗಾಳಿ ಆ ವಾರದ ಟಿಎಲ್‌ಇಗಳನ್ನೆಲ್ಲ ಬೇಗ ಹಳೆಯದು ಮಾಡಿತು. ಅಂಥ ಸುದ್ದಿ ಕೇಳಿದ ದಿನ ಪಾಸ್‌ಗೆ ಮುಂಚೆ ಮತ್ತೊಮ್ಮೆ ಅಪ್‌ಡೇಟ್ ಮಾಡಿ.

ಜಿಪ್ರೆಡಿಕ್ಟ್‌ನಲ್ಲಿ ಉಪಗ್ರಹದ ಮಾಹಿತಿ ಕಿಟಕಿ ತೆರೆದರೆ ಎಪಾಕ್ ಸಮಯ ಕಾಣುತ್ತದೆ. ಪಾಸ್‌ಗೆ ಮುಂಚೆ ಅದನ್ನೊಂದು ಸಲ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅಪ್‌ಡೇಟ್ ಮಾಡಿದ ದಿನಾಂಕ ನೋಡಿ ಸಮಾಧಾನ ಪಡಬೇಡಿ. ನೀವು ಇವತ್ತು ಇಳಿಸಿದ ಫೈಲಿನಲ್ಲಿ ಯಾವುದೋ ಉಪಗ್ರಹದ ಎಪಾಕ್ ಹತ್ತು ದಿನ ಹಿಂದಿನದಿರಬಹುದು.

ಜಾಗ ಮತ್ತು ಗಡಿಯಾರ

ಡೇಟಾ ಸರಿಯಿದ್ದೂ ಪಾಸ್ ತಪ್ಪುತ್ತಿದ್ದರೆ ಇವೆರಡನ್ನು ನೋಡಿ. ಜಿಪ್ರೆಡಿಕ್ಟ್ ಹೊಸದಾಗಿ ಹಾಕಿದಾಗ ಅದರ ಮಾದರಿ ಗ್ರೌಂಡ್ ಸ್ಟೇಷನ್ ಡೆನ್ಮಾರ್ಕಿನ ಕೋಪನ್‌ಹೇಗನ್. ಬದಲಿಸದಿದ್ದರೆ ಅಲ್ಲಿನ ಪಾಸ್‌ಗಳನ್ನೇ ತೋರಿಸುತ್ತಿರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಹೊಸ ಸ್ಟೇಷನ್ ಸೇರಿಸಿ. ಬೆಂಗಳೂರಿಗೆ ಅಕ್ಷಾಂಶ 12.97 ಉತ್ತರ, ರೇಖಾಂಶ 77.59 ಪೂರ್ವ, ಎತ್ತರ ಸುಮಾರು 920 ಮೀಟರ್, ಹ್ಯಾಮ್‌ಗಳು ಜಾಗ ಗುರುತಿಸಲು ಬಳಸುವ ಗ್ರಿಡ್ ಸಂಕೇತ ಎಂಕೆ82. ಪೂರ್ವದ ಬದಲು ಪಶ್ಚಿಮ ಆಯ್ಕೆ ಆಗಿಲ್ಲ ತಾನೇ ಅಂತ ಎರಡು ಸಲ ನೋಡಿ. ಹೊಸ ಸ್ಟೇಷನ್ನನ್ನೇ ಡೀಫಾಲ್ಟ್ ಮಾಡುವುದು ಮರೆಯಬೇಡಿ. ಹಳೆಯ ಮಾಡ್ಯೂಲ್‌ಗಳಿದ್ದರೆ (ಆರಿಸಿದ ಉಪಗ್ರಹಗಳನ್ನು ಒಟ್ಟಿಗೆ ತೋರಿಸುವ ಕಿಟಕಿಗಳು) ಒಂದೊಂದರಲ್ಲೂ ಸ್ಟೇಷನ್ ಬದಲಿಸಬೇಕು.

ಗಡಿಯಾರವನ್ನು ನೆಟ್‌ನಿಂದ ಸರಿಮಾಡಿಕೊಳ್ಳಿ. ನಿಲ್ದಾಣ ನೆತ್ತಿಯ ಮೇಲೆ ಹಾದಾಗ ಸೆಕೆಂಡಿಗೆ ಸುಮಾರು 1 ಡಿಗ್ರಿ ಸರಿಯುತ್ತದೆ. ಲ್ಯಾಪ್‌ಟಾಪ್ 20 ಸೆಕೆಂಡ್ ಹಿಂದಿದ್ದರೆ ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾ 20 ಡಿಗ್ರಿ ಹಿಂದೆ ತಿರುಗಿರುತ್ತದೆ. 437.800 ಮೆಗಾಹರ್ಟ್ಸ್‌ನಲ್ಲಿ ಬರುವ ನಿಲ್ದಾಣದ ರಿಪೀಟರ್ (ಕೇಳಿದ ಧ್ವನಿಯನ್ನು ಮತ್ತೆ ಬಿತ್ತರಿಸುವ ರೇಡಿಯೋ) ಡಾಪ್ಲರ್‌ನಿಂದ, ಅಂದರೆ ಹತ್ತಿರ ಬರುವಾಗ, ದೂರ ಹೋಗುವಾಗ ಫ್ರೀಕ್ವೆನ್ಸಿ ಬದಲಾಗುವುದರಿಂದ, ಮೇಲಕ್ಕೂ ಕೆಳಕ್ಕೂ ಸುಮಾರು 10 ಕಿಲೋಹರ್ಟ್ಸ್ ಜಾರುತ್ತದೆ. ನೆತ್ತಿಯ ಹತ್ತಿರ ಬಂದಾಗ ಈ ಜಾರುವಿಕೆ ತುಂಬ ವೇಗ, ಆಗ ಸಮಯ ತಪ್ಪಿದ್ದರೆ ಧ್ವನಿಯೇ ಹೋಗುತ್ತದೆ. ಸಮಯವನ್ನು ಯುಟಿಸಿಯಲ್ಲಿ ತೋರಿಸಬೇಕೋ ಸ್ಥಳೀಯವಾಗಿಯೋ ಅನ್ನುವುದನ್ನು ಸೆಟಿಂಗ್‌ನಲ್ಲಿ ಆರಿಸಬಹುದು. ಯಾವುದನ್ನಾದರೂ ಆರಿಸಿ, ಗೆಳೆಯರಿಗೆ ಪಾಸ್ ಸಮಯ ಹೇಳುವಾಗ ಯಾವುದು ಅಂತ ಜೊತೆಗೇ ಹೇಳಿ.

ಹೆಸರು ನಂಬಬೇಡಿ, ಸಂಖ್ಯೆ ನೋಡಿ

ನಿಲ್ದಾಣ ಅಂತ ಹುಡುಕಿದರೆ ಜಾರ್ಯಾ 25544 ಸಿಗುತ್ತದೆ, ನೌಕಾ 49044 ಕೂಡ ಸಿಗುತ್ತದೆ. ಎರಡೂ ಅದೇ ನಿಲ್ದಾಣದ ಭಾಗಗಳು. ಒಂದನ್ನು ಇಟ್ಟುಕೊಳ್ಳಿ, ಸಾಮಾನ್ಯವಾಗಿ ಎಲ್ಲರೂ 25544 ಬಳಸುತ್ತಾರೆ. ನಿಮ್ಮ ಟಿಪ್ಪಣಿ, ರೆಕಾರ್ಡಿಂಗ್‌ನ ಹೆಸರು, ಸ್ಕ್ರಿಪ್ಟ್ ಎಲ್ಲದರಲ್ಲೂ ಈ ಸಂಖ್ಯೆಯನ್ನೇ ಬರೆಯಿರಿ.

ಟಿಎಲ್‌ಇ ಇದೆ ಅಂದ ಮಾತ್ರಕ್ಕೆ ಉಪಗ್ರಹ ಮಾತಾಡುತ್ತಿದೆ ಅಂತ ಅರ್ಥ ಅಲ್ಲ. ಕಕ್ಷೆಯಲ್ಲಿ ಸುತ್ತುತ್ತಿರುವವರೆಗೂ ಸತ್ತ ಉಪಗ್ರಹಕ್ಕೂ ಡೇಟಾ ಬರುತ್ತಿರುತ್ತದೆ. 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಕಾರ್ಟೋಸ್ಯಾಟ್-1 ಜೊತೆ ಹೋದ ನಮ್ಮ ಹ್ಯಾಮ್‌ಸ್ಯಾಟ್ ಹವ್ಯಾಸಿಗಳಿಗೆ ಎಷ್ಟು ಪ್ರೀತಿಯದಾಗಿತ್ತು! 2014ರಲ್ಲಿ ಅದು ಮೌನವಾಯಿತು. ಅಮೆರಿಕದ ಹವಾಮಾನ ಉಪಗ್ರಹಗಳಾದ ನೋವಾ 15, 18, 19 ಮೂರನ್ನೂ 2025ರಲ್ಲಿ ನಿಲ್ಲಿಸಿದರು. ಹಳೆಯ ವಿಡಿಯೋ ನೋಡಿ ನೋವಾ ಚಿತ್ರಕ್ಕಾಗಿ ಈಗಲೂ 137 ಮೆಗಾಹರ್ಟ್ಸ್‌ನಲ್ಲಿ ಕಾಯುವವರಿದ್ದಾರೆ. ಮೆಟಿಯೋರ್-ಎಂ ಸರಣಿಗೆ ಹೋಗಿ. ಯಾವುದು ಬದುಕಿದೆ ಅಂತ ತಿಳಿಯಲು ಸ್ಯಾಟ್‌ನಾಗ್ಸ್ ಡೇಟಾಬೇಸ್ ನೋಡಿ, ಜಗತ್ತಿನ ಹವ್ಯಾಸಿಗಳ ಸ್ಟೇಷನ್‌ಗಳು ಕೇಳಿದ್ದು ಅಲ್ಲಿ ಸಿಗುತ್ತದೆ. ಜಿಪ್ರೆಡಿಕ್ಟ್‌ನ ಟ್ರಾನ್ಸ್‌ಪಾಂಡರ್ ಅಪ್‌ಡೇಟ್ ಕೂಡ ಫ್ರೀಕ್ವೆನ್ಸಿಗಳನ್ನು ಅಲ್ಲಿಂದಲೇ ತರುತ್ತದೆ. ಟಿಎಲ್‌ಇ ಅಪ್‌ಡೇಟ್ ಬೇರೆ, ಇದು ಬೇರೆ, ಎರಡನ್ನೂ ಮಾಡಬೇಕು.

ಮಾಡ್ಯೂಲ್‌ಗಳನ್ನು ಕೆಲಸಕ್ಕೆ ತಕ್ಕಂತೆ ಮಾಡಿಕೊಳ್ಳಿ. ಹವಾಮಾನ ಒಂದು, ಧ್ವನಿ ರಿಪೀಟರ್‌ಗಳು ಒಂದು, ಹೊಸ ಹಾರಾಟಗಳು ಒಂದು. ಒಂದರಲ್ಲಿ ಹತ್ತಕ್ಕಿಂತ ಜಾಸ್ತಿ ಬೇಡ.

ಹಳೆಯ ಡೇಟಾ ಎಸೆಯಬೇಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಇದೇ ಮುಂದೆ ಜಾಸ್ತಿ ಉಪಯೋಗಕ್ಕೆ ಬರುವುದು. ಜಿಪ್ರೆಡಿಕ್ಟ್ ಪ್ರತಿ ಉಪಗ್ರಹಕ್ಕೂ ಒಂದು ಪುಟ್ಟ ಫೈಲ್ ಇಡುತ್ತದೆ. ಲಿನಕ್ಸಿನಲ್ಲಿ ನಿಮ್ಮ ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗೆ ಜಿಪ್ರೆಡಿಕ್ಟ್, ಅದರೊಳಗೆ ಸ್ಯಾಟ್‌ಡೇಟಾ. ಹೊಸ ಅಂಕಿ ಬಂದಾಗ ಹಳೆಯದು ಅಳಿಸಿಹೋಗುತ್ತದೆ. ಆದರೆ ಮೂರು ತಿಂಗಳ ಹಿಂದಿನ ರೆಕಾರ್ಡಿಂಗನ್ನು ಮತ್ತೆ ಡಿಕೋಡ್ ಮಾಡಿ ಚಿತ್ರದ ಮೇಲೆ ಕರಾವಳಿಯ ಗೆರೆ ಕೂರಿಸಬೇಕು ಅಂದರೆ ಆ ದಿನದ ಟಿಎಲ್‌ಇಯೇ ಬೇಕು. ಇವತ್ತಿನದನ್ನು ಹಿಂದಕ್ಕೆ ಓಡಿಸಿದರೆ ಮಂಗಳೂರು ಸಮುದ್ರದೊಳಗೆ ಹೋಗಿ ಕೂರುತ್ತದೆ.

ಹಾಗಾಗಿ ಪ್ರತಿ ರೆಕಾರ್ಡಿಂಗ್ ಜೊತೆಗೆ ಅವತ್ತಿನ ಟಿಎಲ್‌ಇಯನ್ನೂ ಅದೇ ಫೋಲ್ಡರಿನಲ್ಲಿ ಇಡಿ, ಫೈಲಿನ ಹೆಸರಿನಲ್ಲಿ ದಿನಾಂಕ ಇರಲಿ. ಕೆಲವೇ ಕೆಬಿ ಜಾಗ. ಕಳೆದುಕೊಂಡಿದ್ದರೆ ಸ್ಪೇಸ್-ಟ್ರ್ಯಾಕ್ ಖಾತೆಯಿಂದ ಹಳೆಯ ಸೆಟ್‌ಗಳನ್ನು ತೆಗೆಯಬಹುದು.

ಸ್ವಲ್ಪ ಪೈಥಾನ್ ಬರುವವರು ಇದನ್ನು ತಾನೇ ನಡೆಯುವಂತೆ ಮಾಡಬಹುದು. ಸ್ಕ್ರಿಪ್ಟ್ ಮೊದಲು ಡಿಸ್ಕ್‌ನಲ್ಲಿರುವ ಫೈಲಿನ ವಯಸ್ಸು ನೋಡಲಿ. ಅರ್ಧ ದಿನ ದಾಟಿದ್ದರೆ ಮಾತ್ರ ಹೊಸದು ತರಲಿ. ತಂದದ್ದನ್ನು ನೇರ ಹಳೆಯದರ ಮೇಲೆ ಬರೆಯದೆ ತಾತ್ಕಾಲಿಕ ಫೈಲಿಗೆ ಹಾಕಿ, ಸಾಲಿಗೆ 69 ಅಕ್ಷರ ಇದೆಯಾ, ಚೆಕ್‌ಸಮ್ ಸರಿಯಾ ಅಂತ ನೋಡಿ, ಆಮೇಲೆ ಹೆಸರು ಬದಲಿಸಲಿ. ಈ ಹೆಜ್ಜೆ ಬಿಟ್ಟರೆ ಸರ್ವರ್ ಕೆಟ್ಟ ದಿನ ಡೇಟಾ ಬದಲು ಒಂದು ಎರರ್ ಪುಟ ಬಂದು ನಿಮ್ಮ ಒಳ್ಳೆಯ ಫೈಲನ್ನು ನುಂಗಿಬಿಡುತ್ತದೆ. ಸ್ಥಾನದ ಲೆಕ್ಕಕ್ಕೆ ಸ್ಕೈಫೀಲ್ಡ್ ಲೈಬ್ರರಿ ಬಳಸಿ. ಟಿಎಲ್‌ಇಯ ಅಂಕಿಗಳು ಎಸ್‌ಜಿಪಿ4 ಅನ್ನುವ ಲೆಕ್ಕದ ವಿಧಾನಕ್ಕೆಂದೇ ಹೊಂದಿಸಿದ ಸರಾಸರಿ ಅಂಕಿಗಳು. ಪಠ್ಯಪುಸ್ತಕದ ಕೆಪ್ಲರ್ ಸೂತ್ರಕ್ಕೆ ಸುಮ್ನೆ ಹಾಕಿದರೆ ಉತ್ತರ ತಪ್ಪುತ್ತದೆ.

ಹೊಸ ಸ್ಕ್ರಿಪ್ಟ್ ಬರೆಯುವವರು ಟಿಎಲ್‌ಇ ಬದಲು ಓಎಂಎಂ (ಅದೇ ಅಂಕಿಗಳನ್ನು ಹೆಸರಿಟ್ಟು ಕೊಡುವ ಹೊಸ ರೂಪ) ರೂಪದ ಡೇಟಾ ತರುವುದು ಒಳ್ಳೆಯದು. ಟಿಎಲ್‌ಇಯಲ್ಲಿ ಕ್ಯಾಟಲಾಗ್ ಸಂಖ್ಯೆಗೆ ಇರುವುದು ಐದೇ ಜಾಗ, ಉಪಗ್ರಹ, ಚೂರುಪಾರು ಎಲ್ಲ ಸೇರಿ ಆ ಜಾಗ ತುಂಬುತ್ತಾ ಬಂದಿದೆ. ಮೊದಲ ಜಾಗದಲ್ಲಿ ಅಕ್ಷರ ಹಾಕುವ ಆಲ್ಫಾ-5 ಅನ್ನುವ ಉಪಾಯದಿಂದ 339999ರವರೆಗೆ ಎಳೆಯಬಹುದು, ಆದರೆ ಹಳೆಯ ಸಾಫ್ಟ್‌ವೇರ್‌ಗಳಿಗೆ ಅದು ಅರ್ಥವಾಗದೇ ಹೋಗಬಹುದು. ಓಎಂಎಂ ಜೆಸನ್, ಸಿಎಸ್‌ವಿ, ಎಕ್ಸ್‌ಎಂಎಲ್ ರೂಪಗಳಲ್ಲಿ ಸಿಗುತ್ತದೆ, ಅಲ್ಲಿ ಈ ಮಿತಿ ಇಲ್ಲ, ಕಾಲಮ್ ಎಣಿಸುವ ಕಷ್ಟವೂ ಇಲ್ಲ. ಸೆಲೆಸ್‌ಟ್ರ್ಯಾಕ್ ಎರಡನ್ನೂ ಕೊಡುತ್ತದೆ, ಸ್ಕೈಫೀಲ್ಡ್ ಎರಡನ್ನೂ ಓದುತ್ತದೆ.

ಹೊಸದಾಗಿ ಹಾರಿದ ಉಪಗ್ರಹ

2017ರ ಫೆಬ್ರವರಿ 15ರಂದು ಪಿಎಸ್‌ಎಲ್‌ವಿ-ಸಿ37 ಒಂದೇ ಸಲಕ್ಕೆ 104 ಉಪಗ್ರಹಗಳನ್ನು ಬಿಟ್ಟಿತು. ಇಂಥ ಹಾರಾಟದ ಮೊದಲ ದಿನಗಳಲ್ಲಿ ರೇಡಾರಿಗೆ ಕಾಣುವುದು ಹತ್ತಿರ ಹತ್ತಿರ ಓಡುವ ಒಂದು ಗುಂಪು. ಯಾವುದು ಯಾರದು ಅಂತ ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ಆಬ್ಜೆಕ್ಟ್ ಎ, ಆಬ್ಜೆಕ್ಟ್ ಬಿ ಅಂತ ಹೆಸರಿರುತ್ತದೆ. ಗುರುತು ಸಿಗಲು ವಾರಗಳೇ ಹಿಡಿಯಬಹುದು. ನಿಮ್ಮ ಕಾಲೇಜಿನ ಕ್ಯೂಬ್‌ಸ್ಯಾಟ್ ಅದರಲ್ಲಿದ್ದರೆ ಆ ವಾರಗಳೇ ಎಲ್ಲಕ್ಕಿಂತ ಮುಖ್ಯ.

ಹಾರುವ ಮುಂಚೆ ತಂಡ ಕೊಡುವ ಅಂದಾಜು ಟಿಎಲ್‌ಇಯನ್ನು ಬೇರೆ ಫೈಲಿನಲ್ಲಿ, ಅಂದಾಜು ಅಂತ ಹೆಸರಿನಲ್ಲೇ ಬರೆದು ಲೋಕಲ್ ಆಗಿ ಸೇರಿಸಿ. ರಾಕೆಟ್ ತಡವಾಗಿ ಹಾರಿದರೆ ಆ ಟಿಎಲ್‌ಇ ಕೆಲಸಕ್ಕೆ ಬಾರದು, ಹೊಸದು ಕೇಳಿ. ಮೊದಲ ಪಾಸ್‌ಗಳಲ್ಲಿ ಕಿರಿದಾದ ಆಂಟೆನಾ ಬೇಡ, ಅಗಲವಾಗಿ ಕೇಳುವ ಟರ್ನ್‌ಸ್ಟೈಲ್ ಥರದ್ದು ಇಡಿ, ಹೇಳಿದ ಸಮಯಕ್ಕಿಂತ ಐದಾರು ನಿಮಿಷ ಮುಂಚೆಯಿಂದ ರೆಕಾರ್ಡ್ ಮಾಡಿ. ಸಿಗ್ನಲ್ ಸಿಕ್ಕರೆ ವಾಟರ್‌ಫಾಲ್‌ನಲ್ಲಿ (ಸಮಯದ ಜೊತೆ ಫ್ರೀಕ್ವೆನ್ಸಿ ತೋರಿಸುವ ಚಿತ್ರ) ಡಾಪ್ಲರ್ ಬಾಗು ಕಾಣುತ್ತದೆ. ಫ್ರೀಕ್ವೆನ್ಸಿ ಅತಿ ವೇಗವಾಗಿ ಇಳಿಯುವ ಕ್ಷಣವೇ ಉಪಗ್ರಹ ನಿಮಗೆ ಅತಿ ಹತ್ತಿರ ಬಂದ ಕ್ಷಣ. ಆ ಸಮಯ ಬರೆದಿಟ್ಟುಕೊಂಡು, ಗುಂಪಿನ ಒಂದೊಂದು ಆಬ್ಜೆಕ್ಟಿನ ಟಿಎಲ್‌ಇಯಿಂದ ಬರುವ ಸಮಯದ ಜೊತೆ ಹೋಲಿಸಿ. ಒಂದು ಪಾಸ್‌ನಿಂದ ತೀರ್ಮಾನ ಮಾಡಬೇಡಿ. ದಿನ ಕಳೆದಂತೆ ಆಬ್ಜೆಕ್ಟ್‌ಗಳು ಒಂದರಿಂದ ಒಂದು ದೂರವಾಗುತ್ತವೆ, ಆಗ ಹೊಂದದವು ಒಂದೊಂದಾಗಿ ಬಿಟ್ಟುಹೋಗುತ್ತವೆ. ಬೇರೆ ಊರಿನವರ ರೆಕಾರ್ಡಿಂಗ್ ಸಿಕ್ಕರಂತೂ ಕೆಲಸ ಬೇಗ ಆಗುತ್ತದೆ, ಅದಕ್ಕೇ ನಿಮ್ಮದನ್ನೂ ಸ್ಯಾಟ್‌ನಾಗ್ಸ್‌ನಲ್ಲಿ ಹಂಚಿಕೊಳ್ಳಿ.

ಸಂಖ್ಯೆ ಖಚಿತವಾದ ಮೇಲೆ ಅಂದಾಜು ಟಿಎಲ್‌ಇಯನ್ನು ಜಿಪ್ರೆಡಿಕ್ಟ್‌ನಿಂದ ತೆಗೆದುಹಾಕಿ, ನಿಜವಾದ ಕ್ಯಾಟಲಾಗ್ ಸಂಖ್ಯೆಯದನ್ನು ಮಾಡ್ಯೂಲಿಗೆ ಸೇರಿಸಿ. ಹಳೆಯ ಅಂದಾಜು ಫೈಲ್ ಮಾತ್ರ ಮೊದಲ ರೆಕಾರ್ಡಿಂಗ್‌ಗಳ ಫೋಲ್ಡರಿನಲ್ಲೇ ಇರಲಿ.